ದೀರ್ಘಕಾಲೀನ ತೂಕ ಇಳಿಕೆಗೆ ಬೆಂಬಲ ಮತ್ತು ಪ್ರೇರಣೆ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳು

ದೀರ್ಘಕಾಲೀನ ತೂಕ ಇಳಿಕೆ ಎಂದರೆ ಹೆಚ್ಚಾದ ದೇಹತೂಕದ ಒಂದು ಭಾಗವನ್ನು ಕಳೆದುಕೊಂಡು, ಇಳಿದ ತೂಕ ಒಂದು ವರ್ಷಕ್ಕೂ ಹೆಚ್ಚು ಕಾಲ ಮರಳದಂತೆ ಉಳಿಸಿಕೊಳ್ಳುವುದು. ಕೆಲವು ವಾರಗಳ ಪಥ್ಯದಿಂದ ತೂಕ ಇಳಿಸುವುದು ಬಹುಪಾಲು ಜನರಿಗೆ ಸಾಧ್ಯವಾಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಕಠಿಣ. ಮಧುಮೇಹ, ಥೈರಾಯ್ಡ್ ಕೊರತೆ, ಮೊಣಕಾಲು ಸವೆತ, ಖಿನ್ನತೆ ಮೊದಲಾದ ಕಾಯಿಲೆಗಳಿದ್ದವರಿಗೆ ಈ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ಕುಟುಂಬ, ಆರೋಗ್ಯ ಕಾರ್ಯಕರ್ತರು ಮತ್ತು ಸಮಾನ ಗುರಿಯುಳ್ಳವರ ನಿರಂತರ ಬೆಂಬಲವಿದ್ದಾಗ ಒಬ್ಬಂಟಿ ಛಲಕ್ಕಿಂತ ಹೆಚ್ಚು ಫಲ ದೊರೆಯುತ್ತದೆ ಎಂಬುದು ಈ ಕ್ಷೇತ್ರದ ಸಾಮಾನ್ಯ ತಿಳಿವಳಿಕೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಆಹಾರ, ದುಡಿಮೆ ಮತ್ತು ಆರೋಗ್ಯ ವ್ಯವಸ್ಥೆಯ ಹಿನ್ನೆಲೆಯಲ್ಲಿ ಈ ವಿಷಯವನ್ನು ಈ ಲೇಖನ ವಿವರಿಸುತ್ತದೆ.

ವ್ಯಾಖ್ಯೆ ಮತ್ತು ಅಳತೆ

ತೂಕವನ್ನು ಕಿಲೊಗ್ರಾಂನಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ಅಳೆದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ದೇಹತೂಕ ಸೂಚ್ಯಂಕ ಅಥವಾ ಬಿಎಂಐ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ವರ್ಗೀಕರಣದಲ್ಲಿ 25ಕ್ಕಿಂತ ಮೇಲಿನದು ಅಧಿಕ ತೂಕ, 30ಕ್ಕಿಂತ ಮೇಲಿನದು ಬೊಜ್ಜು. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗದ ಅಪಾಯ ಕಾಣಿಸಿಕೊಳ್ಳುವುದರಿಂದ, ಭಾರತದ ವೈದ್ಯರು 23ನ್ನು ಅಧಿಕ ತೂಕದ ಮತ್ತು 25ನ್ನು ಬೊಜ್ಜಿನ ಗಡಿಯಾಗಿ ಬಳಸುತ್ತಾರೆ. ಹೊಟ್ಟೆಯ ಸುತ್ತ ಸೇರುವ ಕೊಬ್ಬು ಹೆಚ್ಚು ಹಾನಿಕರವಾದುದರಿಂದ ಸೊಂಟದ ಸುತ್ತಳತೆಗೂ ಮಹತ್ತ್ವವಿದೆ. ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದರೆ ಅದನ್ನು ಎಚ್ಚರಿಕೆಯ ಗುರುತು ಎಂದು ಪರಿಗಣಿಸಲಾಗುತ್ತದೆ.

ಚಿಕಿತ್ಸೆಯ ದೃಷ್ಟಿಯಲ್ಲಿ ಆರಂಭಿಕ ತೂಕದ ಶೇ. 5ರಿಂದ 10ರಷ್ಟು ಇಳಿಕೆಯೂ ಪ್ರಯೋಜನಕಾರಿ. ಉದಾಹರಣೆಗೆ, 155 ಸೆಂ.ಮೀ. ಎತ್ತರ ಮತ್ತು 80 ಕಿಲೊ ತೂಕವುಳ್ಳ ಮಹಿಳೆಯ ಬಿಎಂಐ ಸುಮಾರು 33. ಆಕೆ 4 ಕಿಲೊ ಇಳಿಸಿದರೆ ಅದು ಸುಮಾರು 31.6 ಆಗುತ್ತದೆ. ಪಟ್ಟಿಯ ಪ್ರಕಾರ ಆಕೆ ಬೊಜ್ಜಿನ ವರ್ಗದಲ್ಲಿಯೇ ಉಳಿದರೂ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಮೊಣಕಾಲಿನ ಮೇಲಿನ ಭಾರದಲ್ಲಿ ಸುಧಾರಣೆ ಕಾಣಬಹುದು. ಸಣ್ಣ ಗುರಿಯನ್ನು ತಲುಪಿ ಅಲ್ಲಿಯೇ ನಿಲ್ಲುವುದೂ ಯಶಸ್ಸು ಎಂಬ ಅರಿವು ಪ್ರೇರಣೆಯನ್ನು ಉಳಿಸಲು ನೆರವಾಗುತ್ತದೆ.

ವ್ಯಾಪಕತೆ

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಮಹಿಳೆಯರಲ್ಲಿ ಶೇ. 24 ಮತ್ತು ಪುರುಷರಲ್ಲಿ ಸುಮಾರು ಶೇ. 23ರಷ್ಟು ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 30ರಷ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2008ರಿಂದ 2020ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು ನಡೆಸಿ, 2023ರಲ್ಲಿ ಪ್ರಕಟಿಸಿದ ಅಧ್ಯಯನವು ದೇಶದ ವಯಸ್ಕರಲ್ಲಿ ಮಧುಮೇಹ ಶೇ. 11.4, ಅಧಿಕ ರಕ್ತದೊತ್ತಡ ಶೇ. 35.5 ಮತ್ತು ಹೊಟ್ಟೆಯ ಬೊಜ್ಜು ಶೇ. 39.5ರಷ್ಟಿವೆ ಎಂದು ಅಂದಾಜಿಸಿದೆ.

ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಅಪೌಷ್ಟಿಕತೆ ಮತ್ತು ರಕ್ತಹೀನತೆ ಇಂದಿಗೂ ಗಂಭೀರ ಸಮಸ್ಯೆಗಳು. ರಾಯಚೂರು ಜಿಲ್ಲೆಯನ್ನು ನೀತಿ ಆಯೋಗವು 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಇಂತಹ ಪ್ರದೇಶದಲ್ಲಿ ಒಂದೇ ಮನೆಯಲ್ಲಿ ತೂಕ ಕಡಿಮೆಯಿರುವ ಮಗು ಮತ್ತು ತೂಕ ಹೆಚ್ಚಿರುವ ತಾಯಿ ಇಬ್ಬರೂ ಇರಬಹುದು. ದಪ್ಪಗಿರುವ ವ್ಯಕ್ತಿಯಲ್ಲಿಯೂ ರಕ್ತಹೀನತೆ ಇರಬಹುದು. ಆದ್ದರಿಂದ ತೂಕ ಇಳಿಸುವ ಯೋಜನೆಯು ಊಟದ ಪೌಷ್ಟಿಕತೆಯನ್ನು ಕುಂದಿಸದಂತಿರಬೇಕು.

ಪ್ರಾದೇಶಿಕ ಹಿನ್ನೆಲೆ

ಮೂರು ತಾಲ್ಲೂಕುಗಳೂ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶಕ್ಕೆ ಸೇರಿವೆ. ಇಲ್ಲಿನ ಹಳೆಯ ಮುಖ್ಯ ಆಹಾರ ಬಿಳಿಜೋಳ, ಸಜ್ಜೆ ಮತ್ತು ನವಣೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ನೀರಾವರಿಯೊಂದಿಗೆ ನೆರೆಯ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ, ಬಳಿಕ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ತಾಲ್ಲೂಕಿನಲ್ಲಿ ನೆಲೆಗೊಂಡವು. ಇವರ ಊಟದಲ್ಲಿ ಅನ್ನವೇ ಪ್ರಧಾನ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡ ಕುಟುಂಬಗಳ ಹಸಿವನ್ನು ನೀಗಿಸುವುದರ ಜೊತೆಗೆ ಅಕ್ಕಿಯನ್ನು ಒಣಭೂಮಿಯ ಹಳ್ಳಿಗಳ ನಿತ್ಯದ ಊಟಕ್ಕೂ ತಂದಿತು.

ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯಿದೆ. ಪಾಳಿಯ ಕೆಲಸ ಮಾಡುವವರಿಗೆ ಊಟ ಮತ್ತು ನಿದ್ರೆಯ ವೇಳೆ ಬದಲಾಗುತ್ತಿರುತ್ತದೆ. 1915ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದ ಮಸ್ಕಿಯು, ನೆರೆಯ ಲಿಂಗಸುಗೂರು, ಸಿಂಧನೂರು ಮತ್ತು ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ರಚಿಸಲಾದ ಹೊಸ ತಾಲ್ಲೂಕು. ಮೂರು ಪಟ್ಟಣಗಳೂ ಜಿಲ್ಲಾ ಕೇಂದ್ರ ರಾಯಚೂರಿನಿಂದ ಸುಮಾರು 80–90 ಕಿ.ಮೀ. ದೂರದಲ್ಲಿರುವುದರಿಂದ ತಜ್ಞ ವೈದ್ಯರ ಭೇಟಿಗೆ ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಇದರಿಂದಾಗಿ ಊರಿನಲ್ಲಿಯೇ ದೊರೆಯುವ ಬೆಂಬಲಕ್ಕೆ ಹೆಚ್ಚಿನ ಬೆಲೆ ಬರುತ್ತದೆ.

ಹಿಂದೆ ಬಿತ್ತನೆ, ನಾಟಿ, ಕೊಯ್ಲು, ರಾಶಿ ಮತ್ತು ಬೀಸುವ ಕೆಲಸಗಳಲ್ಲಿ ವ್ಯಯವಾಗುತ್ತಿದ್ದ ಶಕ್ತಿ ಈಗ ಟ್ರ್ಯಾಕ್ಟರ್, ಕಟಾವು ಯಂತ್ರ, ಗಿರಣಿ ಮತ್ತು ದ್ವಿಚಕ್ರ ವಾಹನಗಳಿಂದ ಉಳಿಯುತ್ತದೆ. ದುಡಿಮೆ ಕಡಿಮೆಯಾದರೂ ದುಡಿಯುವ ಕಾಲದ ಊಟದ ಪ್ರಮಾಣ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿದೆ.

ಇಳಿದ ತೂಕ ಮರಳಲು ಕಾರಣಗಳು

ತೂಕ ಮರಳಿದಾಗ ಅದನ್ನು ವ್ಯಕ್ತಿಯ ಸೋಮಾರಿತನ ಅಥವಾ ಬಾಯಿಚಪಲ ಎಂದು ದೂಷಿಸುವುದು ರೂಢಿಯಲ್ಲಿದೆ. ಆದರೆ ಇದರಲ್ಲಿ ದೇಹದ ಸ್ವಾಭಾವಿಕ ಪ್ರತಿಕ್ರಿಯೆಯ ಪಾತ್ರ ದೊಡ್ಡದು. ತೂಕ ಇಳಿದಾಗ ಹೊಟ್ಟೆ ತುಂಬಿದ ಸೂಚನೆ ನೀಡುವ ಲೆಪ್ಟಿನ್ ಹಾರ್ಮೋನು ಕಡಿಮೆಯಾಗುತ್ತದೆ, ಹಸಿವನ್ನು ಹೆಚ್ಚಿಸುವ ಘ್ರೆಲಿನ್ ಏರುತ್ತದೆ. ಹತ್ತು ವಾರಗಳ ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿದವರ ಬಗ್ಗೆ 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಈ ಬದಲಾವಣೆಗಳು ಒಂದು ವರ್ಷದ ನಂತರವೂ ಉಳಿದಿದ್ದುದು ಕಂಡುಬಂದಿತು. ಇದರ ಜೊತೆಗೆ ಹಗುರವಾದ ದೇಹವು ವಿಶ್ರಾಂತಿಯಲ್ಲಿಯೂ ಚಲನೆಯಲ್ಲಿಯೂ ಮೊದಲಿಗಿಂತ ಕಡಿಮೆ ಶಕ್ತಿಯನ್ನು ಖರ್ಚು ಮಾಡುತ್ತದೆ. ಆದ್ದರಿಂದ ಆರಂಭದಲ್ಲಿ ವೇಗವಾಗಿ ಇಳಿಯುವ ತೂಕ ಕೆಲವು ತಿಂಗಳುಗಳ ಬಳಿಕ ನಿಂತಂತೆ ತೋರುತ್ತದೆ. ಬಹುಪಾಲು ಜನ ಪ್ರಯತ್ನವನ್ನು ಕೈಬಿಡುವುದು ಈ ಹಂತದಲ್ಲಿಯೇ. ಬೆಂಬಲ ಹೆಚ್ಚು ಬೇಕಾಗುವುದೂ ಆಗಲೇ.

ಅನಾರೋಗ್ಯದಿಂದ ಉಂಟಾಗುವ ತೊಡಕುಗಳು

ಮಧುಮೇಹ: ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂತಹ ಕೆಲವು ಮಾತ್ರೆಗಳು ತೂಕವನ್ನು ಸ್ವಲ್ಪ ಹೆಚ್ಚಿಸಬಲ್ಲವು. ಈ ಔಷಧಗಳನ್ನು ಸೇವಿಸುವವರು ವೈದ್ಯರಿಗೆ ತಿಳಿಸದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು, ಗೊಂದಲ ಇದರ ಲಕ್ಷಣಗಳು. ಶ್ರಾವಣ ಸೋಮವಾರ, ಏಕಾದಶಿ ಅಥವಾ ರಂಜಾನ್ ಉಪವಾಸಕ್ಕೆ ಮುನ್ನ ಔಷಧದ ಪ್ರಮಾಣ ಮತ್ತು ವೇಳೆಯ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಅವಶ್ಯ.

ಥೈರಾಯ್ಡ್ ಕೊರತೆ: ಇದರಿಂದ ತೂಕ ಏರುವುದು ನಿಜವಾದರೂ ಏರಿಕೆ ಸಾಮಾನ್ಯವಾಗಿ ಕೆಲವೇ ಕಿಲೊಗಳಷ್ಟು, ಅದರಲ್ಲಿ ಹೆಚ್ಚಿನದು ದೇಹದಲ್ಲಿ ನಿಲ್ಲುವ ಉಪ್ಪು ಮತ್ತು ನೀರು. ಮಾತ್ರೆ ಸರಿಯಾಗಿ ಸೇವಿಸಿದರೆ ದಣಿವು ತಗ್ಗಿ ಚಟುವಟಿಕೆ ಸಾಧ್ಯವಾಗುತ್ತದೆ, ಆದರೆ ಮಾತ್ರೆಯೊಂದೇ ಹೆಚ್ಚಿನ ತೂಕವನ್ನೆಲ್ಲ ಇಳಿಸುವುದಿಲ್ಲ. ತೂಕ ಇಳಿಸಲೆಂದು ಥೈರಾಯ್ಡ್ ಮಾತ್ರೆಯನ್ನು ಹೆಚ್ಚು ನುಂಗುವುದು ಹೃದಯಕ್ಕೂ ಮೂಳೆಗೂ ಹಾನಿಕರ.

ಪಿಸಿಒಎಸ್: ಅಂಡಾಶಯ ಸಂಬಂಧಿಯಾದ ಈ ತೊಂದರೆಯುಳ್ಳ ಯುವತಿಯರಲ್ಲಿ ಇನ್ಸುಲಿನ್ ಪ್ರತಿರೋಧದಿಂದ ತೂಕ ಏರುವುದು ಸುಲಭ, ಇಳಿಯುವುದು ಕಷ್ಟ. ಶೇ. 5ರಷ್ಟು ತೂಕ ಇಳಿದರೂ ಮುಟ್ಟಿನ ಕ್ರಮ ಸುಧಾರಿಸುವುದುಂಟು.

ಮೊಣಕಾಲು ನೋವು: ತೂಕ ಹೆಚ್ಚಿದಂತೆ ಕೀಲು ಸವೆಯುತ್ತದೆ, ನೋವಿನಿಂದ ನಡಿಗೆ ನಿಲ್ಲುತ್ತದೆ, ನಡಿಗೆ ನಿಂತಾಗ ತೂಕ ಮತ್ತೆ ಏರುತ್ತದೆ. ತೂಕ ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೊ ಕಡಿಮೆಯಾಗುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವುದರಿಂದ, ಇಲ್ಲಿ ಕೀಲುನೋವು ಮತ್ತು ಬೆನ್ನಿನ ಬಿಗಿತಕ್ಕೆ ಮೂಳೆಯ ಫ್ಲೋರೋಸಿಸ್ ಕೂಡ ಕಾರಣವಾಗಿರಬಹುದು. ನೋವೆಲ್ಲವೂ ತೂಕದಿಂದಲೇ ಬಂದಿದೆ ಎಂದು ತೀರ್ಮಾನಿಸದೆ ಪರೀಕ್ಷೆ ಮಾಡಿಸಿಕೊಳ್ಳುವುದು ಮತ್ತು ಕುಡಿಯುವ ನೀರಿನ ಮೂಲವನ್ನು ವಿಚಾರಿಸುವುದು ಸೂಕ್ತ.

ಮನಸ್ಸು ಮತ್ತು ನಿದ್ರೆ: ಖಿನ್ನತೆಯಲ್ಲಿ ಕೆಲವರ ಊಟ ಹೆಚ್ಚುತ್ತದೆ, ಚಟುವಟಿಕೆ ಕುಂದುತ್ತದೆ. ಕೆಲವು ಮಾನಸಿಕ ಔಷಧಗಳು ಮತ್ತು ದೀರ್ಘಕಾಲದ ಸ್ಟೀರಾಯ್ಡ್ ಸೇವನೆಯೂ ತೂಕ ಹೆಚ್ಚಿಸುತ್ತವೆ. ಇಂತಹ ಔಷಧಗಳನ್ನು ತಾವಾಗಿಯೇ ನಿಲ್ಲಿಸಬಾರದು. ಪರ್ಯಾಯವಿದೆಯೇ ಎಂದು ವೈದ್ಯರನ್ನು ಕೇಳಬಹುದು. ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ನಿಂತಂತಾಗುವುದು, ಹಗಲಿನ ತೂಕಡಿಕೆ ಇವು ನಿದ್ರಾ ಉಸಿರುಕಟ್ಟಿನ ಲಕ್ಷಣಗಳು. ಇದಕ್ಕೆ ಚಿಕಿತ್ಸೆ ದೊರೆಯದಿದ್ದರೆ ದಿನವಿಡೀ ದಣಿದ ವ್ಯಕ್ತಿಯಿಂದ ವ್ಯಾಯಾಮವನ್ನು ನಿರೀಕ್ಷಿಸುವುದು ಕಷ್ಟ.

ಪ್ರೇರಣೆ

ಪ್ರೇರಣೆಯನ್ನು ಹುಟ್ಟಿನಿಂದ ಬಂದ ಗುಣವೆಂದು ಭಾವಿಸುವುದಕ್ಕಿಂತ, ದಿನನಿತ್ಯ ಕಟ್ಟಿಕೊಳ್ಳಬೇಕಾದ ವ್ಯವಸ್ಥೆಯೆಂದು ತಿಳಿಯುವುದು ಉಪಯುಕ್ತ. ಮದುವೆ ಅಥವಾ ಜಾತ್ರೆಯ ಹೊತ್ತಿಗೆ ತೆಳ್ಳಗಾಗಬೇಕು ಎಂಬ ಗುರಿ ಆ ದಿನ ಕಳೆದ ಕೂಡಲೇ ಮುಗಿಯುತ್ತದೆ. ಮೊಮ್ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದು, ನೆಲದ ಮೇಲೆ ಕುಳಿತು ಏಳುವುದು, ಹೊಲದವರೆಗೆ ನಡೆದುಹೋಗುವುದು ಮುಂತಾದ ಕಾರ್ಯಸಾಧನೆಯ ಗುರಿಗಳು ಹೆಚ್ಚು ಕಾಲ ಉಳಿಯುತ್ತವೆ.

ಅಮೆರಿಕದಲ್ಲಿ 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ತೂಕ ನಿಯಂತ್ರಣ ದಾಖಲೆಯು, ಕನಿಷ್ಠ 13.6 ಕಿಲೊ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ಅಭ್ಯಾಸಗಳನ್ನು ಸಂಗ್ರಹಿಸುತ್ತದೆ. ಅವರಲ್ಲಿ ಬಹುಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಬೆಳಗಿನ ಉಪಾಹಾರ ಬಿಡುವುದಿಲ್ಲ, ದಿನಕ್ಕೆ ಸುಮಾರು ಒಂದು ಗಂಟೆ ಚಟುವಟಿಕೆಯಿಂದಿರುತ್ತಾರೆ. ಇವರು ತಾವಾಗಿಯೇ ನೋಂದಾಯಿಸಿಕೊಂಡ ಯಶಸ್ವಿಗಳಾದ್ದರಿಂದ ಈ ಅಭ್ಯಾಸಗಳೇ ಯಶಸ್ಸಿಗೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಅವು ಉಪಯುಕ್ತ ಸುಳಿವುಗಳು.

ಪ್ರೇರಣೆಯನ್ನು ಕಾಪಾಡುವ ಕೆಲವು ಕ್ರಮಗಳು:

• ತೂಕ, ಸೊಂಟದ ಅಳತೆ, ಸಕ್ಕರೆ ಮತ್ತು ರಕ್ತದೊತ್ತಡವನ್ನು ಒಂದೇ ನೋಟುಪುಸ್ತಕದಲ್ಲಿ ಬರೆದಿಡುವುದು. ತೂಕ ನಿಂತಾಗಲೂ ಉಳಿದ ಅಂಕಿಗಳಲ್ಲಿ ಸುಧಾರಣೆ ಕಾಣಬಹುದು.
• ವಾರದಲ್ಲಿ ಒಂದು ನಿಶ್ಚಿತ ದಿನ, ಬೆಳಿಗ್ಗೆ, ಒಂದೇ ತಕ್ಕಡಿಯಲ್ಲಿ ತೂಕ ನೋಡುವುದು. ದಿನದಿನದ ಏರಿಳಿತದಲ್ಲಿ ದೇಹದ ನೀರಿನ ಪಾಲೇ ಹೆಚ್ಚು.
• ಒಮ್ಮೆಗೆ ಒಂದೇ ಬದಲಾವಣೆ ಮಾಡುವುದು. ಉದಾಹರಣೆಗೆ, ಮೊದಲ ತಿಂಗಳು ಚಹಾದ ಸಕ್ಕರೆಯನ್ನು ಮಾತ್ರ ತಗ್ಗಿಸುವುದು.
• ಹಬ್ಬ, ಜ್ವರ, ಸಾವು-ನೋವು, ಕೊಯ್ಲಿನ ಕಾಲದಲ್ಲಿ ಕ್ರಮ ತಪ್ಪುವುದು ಸಹಜವೆಂದು ಮೊದಲೇ ಒಪ್ಪಿಕೊಂಡು, ಮರುದಿನದಿಂದ ಹೇಗೆ ಮರಳುವುದೆಂದು ನಿರ್ಧರಿಸಿಟ್ಟುಕೊಳ್ಳುವುದು.

ಬೆಂಬಲದ ಮೂಲಗಳು

ಕುಟುಂಬ

ಅಡುಗೆ ಒಂದೇ ಒಲೆಯಲ್ಲಿ ಆಗುವ ಮನೆಯಲ್ಲಿ ಒಬ್ಬರಿಗಾಗಿ ಬೇರೆ ಪಥ್ಯದ ಅಡುಗೆ ಹೆಚ್ಚು ಕಾಲ ನಡೆಯುವುದಿಲ್ಲ. ಎಲ್ಲರ ತಟ್ಟೆಯಲ್ಲಿಯೂ ಪಲ್ಯ ಮತ್ತು ಕಾಳು ಹೆಚ್ಚಿಸಿ, ಎಣ್ಣೆ ಮತ್ತು ಸಕ್ಕರೆ ತಗ್ಗಿಸುವುದು ಸುಲಭದ ದಾರಿ. ಮನೆಯ ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಊಟ ಮಾಡುವಾಗ, ಉಳಿದ ಅನ್ನ ವ್ಯರ್ಥವಾಗಬಾರದೆಂದು ಹಸಿವಿಲ್ಲದಿದ್ದರೂ ತಿನ್ನುವುದುಂಟು. ಅಳತೆ ನೋಡಿ ಅಡುಗೆ ಮಾಡುವುದು ಮತ್ತು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದು ಇದಕ್ಕೆ ಪರಿಹಾರ.

ತೂಕ ಇಳಿದವರನ್ನು ಕಂಡು ಬಂಧುಗಳು ‘ಸೊರಗಿದ್ದೀಯಲ್ಲ, ಏನಾಗಿದೆ’ ಎಂದು ಕೇಳುವುದು, ಸಕ್ಕರೆ ಕಾಯಿಲೆಯಿರಬಹುದೆಂದು ಸಂಶಯಿಸುವುದು, ಒಲ್ಲೆನೆಂದರೂ ಒತ್ತಾಯದಿಂದ ಹೋಳಿಗೆ ಬಡಿಸುವುದು ಸಾಮಾನ್ಯ. ಅದೇ ಬಂಧುಗಳು ಬೇರೊಂದು ಸಂದರ್ಭದಲ್ಲಿ ದಪ್ಪ ಮೈಯನ್ನು ಗೇಲಿ ಮಾಡಬಹುದು. ಅಪಹಾಸ್ಯದಿಂದ ತೂಕ ಇಳಿಯುವುದಿಲ್ಲ. ಅಪಹಾಸ್ಯಕ್ಕೆ ಒಳಗಾದವರು ನಾಚಿಕೆಯಿಂದ ಆಸ್ಪತ್ರೆಯನ್ನೂ ವ್ಯಾಯಾಮವನ್ನೂ ತಪ್ಪಿಸುತ್ತಾರೆ ಎಂಬುದು ಸಂಶೋಧನೆಗಳಲ್ಲಿ ಕಂಡುಬಂದಿದೆ. ವೈದ್ಯರ ಸಲಹೆಯಂತೆ ತೂಕ ಇಳಿಸುತ್ತಿರುವುದನ್ನು ಮನೆಯ ಹಿರಿಯರೊಬ್ಬರು ಬಂಧುಗಳಿಗೆ ತಿಳಿಸಿದರೆ ಒತ್ತಾಯ ಕಡಿಮೆಯಾಗುತ್ತದೆ.

ಸಾರ್ವಜನಿಕ ಆರೋಗ್ಯ ವ್ಯವಸ್ಥೆ

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. ಇದರ ಅಂಗವಾಗಿ 30 ವರ್ಷ ಮೇಲ್ಪಟ್ಟವರಿಗೆ ಆಶಾ ಕಾರ್ಯಕರ್ತೆಯರು ಮನೆಯಲ್ಲಿಯೇ ಒಂದು ಪ್ರಶ್ನಾವಳಿಯನ್ನು ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ ಮತ್ತು ಕುಟುಂಬದ ರೋಗಚರಿತ್ರೆಗೆ ಅದರಲ್ಲಿ ಅಂಕಗಳಿವೆ. ಒಟ್ಟು ಅಂಕ ನಾಲ್ಕನ್ನು ಮೀರಿದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕಳುಹಿಸಲಾಗುತ್ತದೆ. ಸೊಂಟದ ಅಳತೆಗೆ ಬೇಕಾದುದು ಒಂದು ಟೇಪು ಮಾತ್ರವಾದ್ದರಿಂದ ಪ್ರಗತಿಯನ್ನು ತಿಳಿಯಲು ಇದು ಎಲ್ಲಕ್ಕಿಂತ ಅಗ್ಗದ ಸಾಧನವೂ ಹೌದು.

ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ನಡೆಯುತ್ತದೆ. ಸಿಂಧನೂರು ಮತ್ತು ಲಿಂಗಸುಗೂರಿನಲ್ಲಿ ತಾಲ್ಲೂಕು ಮಟ್ಟದ ಸಾರ್ವಜನಿಕ ಆಸ್ಪತ್ರೆಗಳಿವೆ. ಮಸ್ಕಿಯಲ್ಲಿಯೂ ಸರ್ಕಾರಿ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ರಿಮ್ಸ್, ಜಿಲ್ಲೆಯ ಸರ್ಕಾರಿ ಬೋಧನಾ ಆಸ್ಪತ್ರೆಯಾಗಿದೆ. ದೂರ ಪ್ರಯಾಣ ಸಾಧ್ಯವಿಲ್ಲದವರಿಗೆ ಇ-ಸಂಜೀವಿನಿ ದೂರವೈದ್ಯ ಸೇವೆಯೂ, ಆರೋಗ್ಯ ಮಾಹಿತಿಗಾಗಿ 104 ಸಹಾಯವಾಣಿಯೂ ಇವೆ. ಮನಸ್ಸಿನ ಬೇಗುದಿ, ನಿರುತ್ಸಾಹ ಅಥವಾ ಊಟದ ಮೇಲೆ ಹಿಡಿತ ತಪ್ಪುವ ಸಮಸ್ಯೆಗೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಗುಂಪು ಮತ್ತು ಸ್ವಸಹಾಯ ಸಂಘಗಳು

ತೂಕ ಇಳಿಸುವವರು ವಾರಕ್ಕೊಮ್ಮೆ ಸೇರಿ ಅನುಭವ ಹಂಚಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಟಾಪ್ಸ್ ಎಂಬ ಸಂಘದ ಮೂಲಕ 1948ರಲ್ಲಿ ರೂಪುಗೊಂಡಿತು. 1963ರಲ್ಲಿ ನ್ಯೂಯಾರ್ಕಿನ ಗೃಹಿಣಿ ಜೀನ್ ನಿಡೆಚ್, ಸ್ನೇಹಿತೆಯರನ್ನು ಮನೆಗೆ ಕರೆದು ಮಾತನಾಡುತ್ತಿದ್ದ ಕೂಟವನ್ನು ಬೆಳೆಸಿ ವೆಯ್ಟ್ ವಾಚರ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ವಾರದ ಭೇಟಿ, ಎಲ್ಲರೆದುರು ಲೆಕ್ಕ ಒಪ್ಪಿಸುವುದು, ತಪ್ಪಿದವರನ್ನು ವಿಚಾರಿಸುವುದು ಇವೇ ಈ ಪದ್ಧತಿಯ ಜೀವಾಳ.

ಈ ಮೂರೂ ಅಂಶಗಳು ಕರ್ನಾಟಕದ ಮಹಿಳೆಯರಿಗೆ ಹೊಸವಲ್ಲ. 1980ರ ದಶಕದಲ್ಲಿ ಮೈರಾಡ ಸಂಸ್ಥೆಯ ಪ್ರಯತ್ನದಿಂದ ಬೆಳೆದ ಸ್ವಸಹಾಯ ಗುಂಪುಗಳು ಮತ್ತು 2000–01ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ವಾರದ ಸಭೆ, ಉಳಿತಾಯ ಮತ್ತು ಲೆಕ್ಕಪುಸ್ತಕದ ಶಿಸ್ತನ್ನು ಹಳ್ಳಿಗಳಲ್ಲಿ ಬೇರೂರಿಸಿವೆ. ಹದಿನೈದು-ಇಪ್ಪತ್ತು ಸದಸ್ಯೆಯರ ಅಂತಹ ಸಂಘದಲ್ಲಿ, ಬಯಸಿದವರು ಸಭೆಯ ದಿನವೇ ಸೊಂಟದ ಅಳತೆ ಬರೆದುಕೊಂಡು ಅರ್ಧ ಗಂಟೆ ಒಟ್ಟಿಗೆ ನಡೆಯಲು ಪ್ರತ್ಯೇಕ ಖರ್ಚಿಲ್ಲ. ಆದರೆ ಅಳತೆಗಳನ್ನು ಎಲ್ಲರೆದುರು ಓದುವುದು ಮುಜುಗರಕ್ಕೆ ಕಾರಣವಾಗಬಹುದಾದ್ದರಿಂದ, ಪ್ರತಿಯೊಬ್ಬರ ಪುಸ್ತಕ ಅವರವರ ಬಳಿಯೇ ಇರುವುದು ಒಳಿತು. ಪುರುಷರಿಗೆ ಹಾಲಿನ ಸಂಘ, ಭಜನಾ ಮಂಡಳಿ, ನಿವೃತ್ತ ನೌಕರರ ಸಂಘ, ಬೆಳಗಿನ ನಡಿಗೆಯ ಗೆಳೆಯರ ಬಳಗ ಇಂತಹುದೇ ನೆರವು ನೀಡಬಲ್ಲವು. ಸಂಘವಿಲ್ಲದ ಕಡೆ ಒಬ್ಬರೇ ಒಬ್ಬ ಜೊತೆಗಾರರಿದ್ದರೂ ಸಾಕು.

ಭಾರತೀಯ ಅಧ್ಯಯನಗಳು

ಚೆನ್ನೈನಲ್ಲಿ ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮದಲ್ಲಿ, ಮಧುಮೇಹದ ಅಂಚಿನಲ್ಲಿದ್ದ 531 ಜನ ಭಾಗವಹಿಸಿದ್ದರು. ಆಹಾರ ಮತ್ತು ನಡಿಗೆಯ ಬಗ್ಗೆ ನಿಯಮಿತ ಸಲಹೆ ಪಡೆದವರಲ್ಲಿ ಮಧುಮೇಹದ ಅಪಾಯ ಶೇ. 28.5ರಷ್ಟು ತಗ್ಗಿತು. ಗಮನಾರ್ಹ ಸಂಗತಿಯೆಂದರೆ, ಆ ಗುಂಪಿನ ಸರಾಸರಿ ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆ ಆಗಿರಲಿಲ್ಲ. ತಕ್ಕಡಿಯ ಮುಳ್ಳು ಕದಲದಿದ್ದರೂ ಪ್ರಯತ್ನ ವ್ಯರ್ಥವಲ್ಲ ಎಂಬುದಕ್ಕೆ ಇದು ಪ್ರಬಲ ಆಧಾರ. ಇದೇ ತಂಡವು 537 ಪುರುಷರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಮೊಬೈಲಿಗೆ ನಿಯಮಿತವಾಗಿ ಬರುತ್ತಿದ್ದ ಚಿಕ್ಕ ಸಂದೇಶಗಳು ಎರಡು ವರ್ಷಗಳಲ್ಲಿ ಮಧುಮೇಹದ ಅಪಾಯವನ್ನು ಶೇ. 36ರಷ್ಟು ತಗ್ಗಿಸಿದವು.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಗುಂಪು ಬೆಂಬಲವನ್ನೇ ಪರೀಕ್ಷಿಸಿತು. 60 ಮತಗಟ್ಟೆ ವ್ಯಾಪ್ತಿಗಳ 1,007 ಜನರಲ್ಲಿ, ಅರ್ಧದಷ್ಟು ವ್ಯಾಪ್ತಿಗಳವರಿಗೆ ಊರಿನವರೇ ಆದ ತರಬೇತಿ ಪಡೆದ ಮುಂದಾಳುಗಳು ಒಂದು ವರ್ಷ ಗುಂಪುಸಭೆಗಳನ್ನು ನಡೆಸಿದರು. ಎರಡು ವರ್ಷಗಳ ಕೊನೆಗೆ ಮಧುಮೇಹದ ಪ್ರಮಾಣ ಆ ಗುಂಪಿನಲ್ಲಿ ಸ್ವಲ್ಪ ಕಡಿಮೆಯಿದ್ದರೂ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನಿರ್ಣಾಯಕವಾಗಿರಲಿಲ್ಲ. ಆದರೆ ಹಣ್ಣು-ತರಕಾರಿಯ ಸೇವನೆ, ಮದ್ಯಪಾನದ ನಿಯಂತ್ರಣ ಮತ್ತು ದೈಹಿಕ ಕಾರ್ಯಶಕ್ತಿಯಲ್ಲಿ ಸುಧಾರಣೆ ಕಂಡಿತು.

ಸ್ಥಳೀಯ ಆಹಾರ ಮತ್ತು ಚಟುವಟಿಕೆ

2025ರಲ್ಲಿ ಪ್ರಕಟವಾದ ರಾಷ್ಟ್ರೀಯ ವಿಶ್ಲೇಷಣೆಯೊಂದರ ಪ್ರಕಾರ ಭಾರತೀಯರು ತಮ್ಮ ಶಕ್ತಿಯ ಸುಮಾರು ಶೇ. 62 ಭಾಗವನ್ನು ಪಿಷ್ಟ ಪದಾರ್ಥಗಳಿಂದ ಪಡೆಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿಯು ಏಕದಳ ಧಾನ್ಯಗಳಿಂದ ದೊರೆಯುವ ಶಕ್ತಿ ಶೇ. 45ನ್ನು ಮೀರಬಾರದೆಂದೂ, ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂದೂ ಹೇಳುತ್ತದೆ.

ಜೋಳದ ರೊಟ್ಟಿಯು ಪಾಲಿಷ್ ಮಾಡಿದ ಅಕ್ಕಿಯ ಅನ್ನಕ್ಕಿಂತ ನಾರಿನಂಶದಲ್ಲಿ ಮೇಲು. ಅಗಿದು ತಿನ್ನಬೇಕಾದುದರಿಂದ ಊಟ ನಿಧಾನವಾಗುತ್ತದೆ. ಆದರೆ ಜೋಳವೂ ಪಿಷ್ಟವೇ. ನಾಲ್ಕು ರೊಟ್ಟಿಯ ಮೇಲೆ ಒಂದು ತಟ್ಟೆ ಅನ್ನ ಉಣ್ಣುವ ಬದಲು ಎರಡು ರೊಟ್ಟಿಗೆ ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ ಅಥವಾ ಮೆಂತ್ಯೆ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಮತ್ತು ಮಜ್ಜಿಗೆ ಸೇರಿಸಿದರೆ ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಇರುತ್ತದೆ. ಶೇಂಗಾ ಮತ್ತು ಅಗಸಿ ಚಟ್ನಿಪುಡಿಗಳು ಪೌಷ್ಟಿಕವಾದರೂ ಎಣ್ಣೆಯಂಶ ಹೆಚ್ಚಿರುವುದರಿಂದ ಮಿತವಾಗಿರಬೇಕು. ಅನ್ನವೇ ಪ್ರಧಾನವಾದ ಕ್ಯಾಂಪುಗಳ ಮನೆಗಳಲ್ಲಿ ರೊಟ್ಟಿಯನ್ನು ಹೇರುವುದಕ್ಕಿಂತ ಅನ್ನದ ಪ್ರಮಾಣ ತಗ್ಗಿಸಿ ಬೇಳೆ, ಮೀನು ಮತ್ತು ತರಕಾರಿ ಹೆಚ್ಚಿಸುವುದು ಕಾರ್ಯಸಾಧ್ಯ. ಸಂಜೆಯ ಮಿರ್ಚಿ ಭಜಿ ಮತ್ತು ಒಗ್ಗರಣೆ ಮಂಡಕ್ಕಿ, ಹಾಗೂ ದಿನಕ್ಕೆ ನಾಲ್ಕಾರು ಬಾರಿ ಕುಡಿಯುವ ಸಕ್ಕರೆಯ ಚಹಾ, ಲೆಕ್ಕಕ್ಕೆ ಬಾರದೆ ಸೇರುವ ಶಕ್ತಿಯ ಮುಖ್ಯ ಮೂಲಗಳು.

ವಾರಕ್ಕೆ 150 ನಿಮಿಷದ ಬಿರುಸಾದ ನಡಿಗೆ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಕನಿಷ್ಠ ಪ್ರಮಾಣ. ಇದನ್ನು ಹತ್ತು ನಿಮಿಷಗಳ ತುಣುಕುಗಳಾಗಿಯೂ ಮಾಡಬಹುದು. ಬೇಸಿಗೆಯಲ್ಲಿ ಈ ಭಾಗದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಸೂರ್ಯೋದಯದ ಹೊತ್ತಿನ ನಡಿಗೆಯೇ ಸುರಕ್ಷಿತ. ಮಹಿಳೆಯರಿಗೆ ಶಾಲಾ ಮೈದಾನದಂತಹ ಬಯಲಿನಲ್ಲಿ ಗುಂಪಾಗಿ ನಡೆಯುವುದು ಅನುಕೂಲ. ಮೊಣಕಾಲು ನೋವುಳ್ಳವರು ಕುರ್ಚಿಯ ಮೇಲೆ ಕುಳಿತು ಕಾಲು ಚಾಚುವ ವ್ಯಾಯಾಮದಿಂದ ಆರಂಭಿಸಿ ತೊಡೆಯ ಸ್ನಾಯುಗಳನ್ನು ಬಲಪಡಿಸಿಕೊಳ್ಳಬಹುದು. ನಡೆಯುವಾಗ ಎದೆನೋವು ಅಥವಾ ಅತಿಯಾದ ಏದುಸಿರು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು.

ಔಷಧ ಮತ್ತು ಶಸ್ತ್ರಚಿಕಿತ್ಸೆ

ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್ ಎಂಬ ಚುಚ್ಚುಮದ್ದುಗಳು ತೂಕ ಇಳಿಕೆಗಾಗಿ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಇವು ಹಸಿವನ್ನು ತಗ್ಗಿಸಿ ಗಣನೀಯವಾಗಿ ತೂಕ ಇಳಿಸುತ್ತವೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ ಅಡ್ಡಪರಿಣಾಮಗಳು. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿದ್ದುದು ಅಧ್ಯಯನದಲ್ಲಿ ಕಂಡುಬಂದಿದೆ. ತೀವ್ರ ಬೊಜ್ಜಿಗೆ ಜಠರದ ಗಾತ್ರವನ್ನು ತಗ್ಗಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದರ ನಂತರ ಜೀವನಪೂರ್ತಿ ಆಹಾರದ ಎಚ್ಚರ ಮತ್ತು ವಿಟಮಿನ್ ಪೂರಕಗಳು ಬೇಕಾಗುತ್ತವೆ. ಎರಡೂ ಮಾರ್ಗಗಳಲ್ಲಿ ಬೆಂಬಲದ ಅಗತ್ಯ ಮುಗಿಯುವುದಿಲ್ಲ.

ತಿಂಗಳಲ್ಲಿ ಹತ್ತಾರು ಕಿಲೊ ಇಳಿಸುವ ಭರವಸೆಯ ಪುಡಿ, ಕಷಾಯ ಮತ್ತು ಬೆಲ್ಟುಗಳ ಜಾಹೀರಾತುಗಳನ್ನು ನಂಬಬಾರದು. ಒಳಗೊಂಡ ವಸ್ತುಗಳ ವಿವರವಿಲ್ಲದ ಪುಡಿಗಳಲ್ಲಿ ಭೇದಿಮದ್ದು, ಮೂತ್ರವರ್ಧಕ ಅಥವಾ ಥೈರಾಯ್ಡ್ ಹಾರ್ಮೋನು ಬೆರೆತಿರಬಹುದು.

ಮಿತಿಗಳು ಮತ್ತು ಎಚ್ಚರಿಕೆ

ಉತ್ತಮ ಬೆಂಬಲವಿದ್ದರೂ ಎಲ್ಲರಲ್ಲಿಯೂ ಒಂದೇ ಫಲ ದೊರೆಯುವುದಿಲ್ಲ. ಅಮೆರಿಕದಲ್ಲಿ ಮಧುಮೇಹಿಗಳಿಗಾಗಿ ನಡೆದ ಲುಕ್ ಅಹೆಡ್ ಅಧ್ಯಯನದಲ್ಲಿ, ವರ್ಷಾನುಗಟ್ಟಲೆ ತೀವ್ರ ಮಾರ್ಗದರ್ಶನ ಪಡೆದವರಲ್ಲಿ ಎಂಟು ವರ್ಷಗಳ ಬಳಿಕ ಸುಮಾರು ಅರ್ಧದಷ್ಟು ಜನ ಮಾತ್ರ ಶೇ. 5 ಅಥವಾ ಹೆಚ್ಚಿನ ಇಳಿಕೆಯನ್ನು ಉಳಿಸಿಕೊಂಡಿದ್ದರು. ಗುಳೆ ಹೋಗುವ ಕುಟುಂಬಗಳು, ಪಾಳಿ ಕೆಲಸದವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮಹಿಳೆಯರು ಸಭೆ ಮತ್ತು ತಪಾಸಣೆಗಳಿಂದ ದೂರ ಉಳಿಯುವ ಸಂಭವ ಹೆಚ್ಚು. ಅವರ ವಿಷಯದಲ್ಲಿ ಕ್ರಮ ತಪ್ಪುವುದು ಸಂಕಲ್ಪದ ಕೊರತೆಯಲ್ಲ, ಸಮಯ ಮತ್ತು ಅನುಕೂಲದ ಕೊರತೆ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕ್ಷಯ ಅಥವಾ ಮೂತ್ರಪಿಂಡದ ರೋಗಿಗಳು ಮತ್ತು ಅಶಕ್ತ ವೃದ್ಧರು ವೈದ್ಯರ ಸಲಹೆಯಿಲ್ಲದೆ ತೂಕ ಇಳಿಸುವ ಪಥ್ಯ ಮಾಡಬಾರದು. ಪ್ರಯತ್ನವಿಲ್ಲದೆ ತಾನಾಗಿ ತೂಕ ಇಳಿಯುತ್ತಿದ್ದರೆ ಅದು ಮಧುಮೇಹ, ಕ್ಷಯ, ಅತಿಥೈರಾಯ್ಡ್ ಅಥವಾ ಅರ್ಬುದದ ಲಕ್ಷಣವಾಗಿರಬಹುದಾದ್ದರಿಂದ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ತೂಕ ಇಳಿದಂತೆ ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳ ಪ್ರಮಾಣವನ್ನು ಕಡಿಮೆ ಮಾಡಬೇಕಾಗಬಹುದು. ಆ ನಿರ್ಧಾರವನ್ನು ವೈದ್ಯರೇ ಕೈಗೊಳ್ಳಬೇಕು.